ಬಾಣಲೆಯ ಎಣ್ಣೆ, ಪ್ರಯೋಗಾಲಯದ ಇಲಿ

ಬೇಗಂಪೇಟೆಯ ಮಿರ್ಚಿ ಬಜ್ಜಿ ಗಾಡಿಯ ಮುಂದೆ ನಿಂತಾಗ ಯಾರಿಗಾದರೂ ಏಳುವ ಅನುಮಾನ: ಈ ಎಣ್ಣೆ ಎಷ್ಟು ಸಲ ಕಾದಿದೆಯೋ? ವಿಜ್ಞಾನಿಗಳು ಇಲಿಗಳ ಮೂಲಕ ಇದಕ್ಕೆ ಉತ್ತರ ಹುಡುಕತೊಡಗಿ ಎಪ್ಪತ್ತು ವರ್ಷ ದಾಟಿದೆ.

1950ರ ದಶಕದ ಆರಂಭದಲ್ಲಿ ಕೆನಡಾದ ಕ್ರ್ಯಾಂಪ್ಟನ್ ಮತ್ತು ಸಂಗಡಿಗರು ಅಗಸೆ ಎಣ್ಣೆಯನ್ನು ಸುಮಾರು 275 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿ ಇಲಿಗಳಿಗೆ ತಿನ್ನಿಸಿದರು. ಇಲಿಗಳ ಬೆಳವಣಿಗೆ ಕುಂಠಿತವಾಯಿತು, ಕೆಲವು ಸತ್ತವು. ಆದರೆ ಬಜ್ಜಿ ಬೇಯುವುದು 180 ಡಿಗ್ರಿಯ ಆಸುಪಾಸಿನಲ್ಲಿ. ಹಾಗಾಗಿ ಅಮೆರಿಕದ ಒಂದು ತಂಡ ನಿಜವಾಗಿಯೂ ಕರಿಯಲು ಬಳಸಿದ ಜಿಡ್ಡನ್ನೇ ಎರಡು ವರ್ಷ ತಿನ್ನಿಸಿ ನೋಡಿತು. 1967ರಲ್ಲಿ ಪ್ರಕಟವಾದ ಅದರ ವರದಿಯಂತೆ, ತಾಜಾ ಜಿಡ್ಡು ತಿಂದ ಇಲಿಗಳಿಗೂ ಇವಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಅದೇ ಜಿಡ್ಡಿನಿಂದ ಬೇರ್ಪಡಿಸಿದ ಕೆಲವು ಅಂಶಗಳನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಮಾತ್ರ ಮರಿ ಇಲಿಗಳಿಗೆ ವಿಷವಾಯಿತು.

ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1999ರಲ್ಲಿ ಪ್ರಕಟಿಸಿದ ದೀರ್ಘಕಾಲದ ಇಲಿ ಅಧ್ಯಯನದಲ್ಲಿ ಬರಿದೇ ಕಾಯಿಸಿದ ಎಣ್ಣೆಯನ್ನೂ ತಿಂಡಿ ಕರಿದ ಎಣ್ಣೆಯನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಿದರು. ಎಣ್ಣೆ ಕಾದ ಬಗೆ ಬದಲಾದರೆ ಇಲಿಯ ಉತ್ತರವೂ ಬದಲಾಗಬಹುದಲ್ಲ!

ಕೊನೆಗೆ ಕಾನೂನು ಅಳತೆಗೆ ಬಂದು ನಿಂತಿತು. ಎಣ್ಣೆ ಕೆಟ್ಟಷ್ಟೂ ಅದರಲ್ಲಿ ಪೋಲಾರ್ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇ. 25 ಮೀರಿದರೆ ಆ ಎಣ್ಣೆಯನ್ನು ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಂಥ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡುವ ಯೋಜನೆಯೂ ಅದೇ ವರ್ಷ ಬಂತು. ದೊಡ್ಡ ಅಡುಗೆಮನೆಗಳು ಬಳಸಿ ಬಿಟ್ಟ ಎಣ್ಣೆ ಅಗ್ಗದ ದರಕ್ಕೆ ಬೀದಿಬದಿಯ ಬಾಣಲೆ ಸೇರುವುದನ್ನು ತಡೆಯುವುದೂ ಅದರ ಉದ್ದೇಶ.

ಶೇಕಡಾವಾರು ಅಳೆಯುವ ಮೀಟರ್ ಗಾಡಿಯವರ ಕೈಗೆಟುಕುವಂಥದ್ದಲ್ಲ. ಅವರಿಗೂ ಗಿರಾಕಿಗೂ ಉಳಿದಿರುವುದು ಕಣ್ಣು, ಮೂಗು: ಎಣ್ಣೆ ಕಪ್ಪಾಗಿ ಮಂದವಾಗಿದೆಯೇ, ನೊರೆ ಇಳಿಯುತ್ತಿಲ್ಲವೇ, ಬೇಗ ಹೊಗೆಯಾಡುತ್ತಿದೆಯೇ? ಹಾಗಿದ್ದರೆ ಚೆಲ್ಲಬೇಕು. ಚೆಲ್ಲಿದ ನಷ್ಟ ಮಾತ್ರ ಇವತ್ತಿಗೂ ಗಾಡಿಯವರದೇ.