ಮೊಂಡು ಮೂಗು, ಚೂಪು ಅಂಚು

ಬಾಹ್ಯಾಕಾಶದಿಂದ ಭೂಮಿಗೆ ಮರಳುವ ವಾಹನದ ಚಿತ್ರ ಬರೆಯಿರಿ ಎಂದರೆ ನಿಮ್ಮಲ್ಲಿ ಬಹುಮಂದಿ ಚೂಪು ಮೂತಿಯ ಬಾಣವನ್ನೇ ಬರೆದೀರಿ. ಗಾಳಿಯನ್ನು ಸೀಳಿ ಬರಲು ಅದೇ ಅನುಕೂಲವಲ್ಲವೇ? ಆದರೆ ಅಪೊಲೊ, ಸೊಯುಜ್ ಕೋಶಗಳ ತಳ ಮೊಂಡು. ಷಟಲ್ ನೌಕೆಯ ಮೂಗೂ ಗುಂಡಗಿತ್ತು. ಏಕೆ?

1950ರ ದಶಕದ ಆರಂಭದಲ್ಲಿ ಅಮೆರಿಕದ ಏಮ್ಸ್ ಪ್ರಯೋಗಾಲಯದ ಎಚ್. ಜೂಲಿಯನ್ ಅಲೆನ್ ಇದಕ್ಕೆ ಉತ್ತರ ಕಂಡುಕೊಂಡರು. ಶಬ್ದಕ್ಕಿಂತ ಹಲವು ಪಟ್ಟು ವೇಗವಾಗಿ ಬರುವ ವಸ್ತುವಿನ ಮುಂದೆ ಗಾಳಿ ಒತ್ತಲ್ಪಟ್ಟು ಆಘಾತ ತರಂಗ ಏಳುತ್ತದೆ. ಮೊಂಡು ಮೈ ಆ ತರಂಗವನ್ನು ತನ್ನಿಂದ ದೂರಕ್ಕೆ ತಳ್ಳುತ್ತದೆ. ಶಾಖದ ಬಹುಪಾಲು ಗಾಳಿಯ ಪಾಲಾಗುತ್ತದೆ. ಚೂಪು ಅಂಚಿನಲ್ಲಾದರೋ ತರಂಗ ಮೈಗೆ ಹತ್ತಿಕೊಂಡೇ ಇದ್ದು, ತುದಿ ಬೇಯುತ್ತದೆ.

ಆದರೆ ಮೊಂಡುತನಕ್ಕೂ ಬೆಲೆ ತೆರಬೇಕು. ಗಾಳಿಯ ತಡೆ ಹೆಚ್ಚಾಗಿ, ವಾಹನ ಬಹುದೂರ ತೇಲಲಾರದು. ಇಳಿಯುವ ಜಾಗದ ಆಯ್ಕೆಯೂ ಕಿರಿದಾಗುತ್ತದೆ. ಬಾಗಿದ ಮೈಗೆ ಹೊದಿಕೆ ಹೊಂದಿಸುವುದೂ ಸುಲಭವಲ್ಲ. ಷಟಲ್‌ಗೆ 20,000ಕ್ಕೂ ಹೆಚ್ಚು ಬಿಲ್ಲೆಗಳನ್ನು ಅಂಟಿಸಬೇಕಿತ್ತು. ಅವುಗಳ ಆಕಾರ ಜಾಗ ಜಾಗಕ್ಕೂ ಬೇರೆ.

ಜರ್ಮನಿಯ ಅಂತರಿಕ್ಷ ಸಂಸ್ಥೆ ಡಿಎಲ್‌ಆರ್‌ನ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ವಾಹನವನ್ನು ಸಾಣೆ ಹಿಡಿದ ಹರಳಿನಂತೆ ಚಪ್ಪಟೆ ಮುಖಗಳಿಂದ ಕಟ್ಟಿದರೆ? ಚಪ್ಪಟೆ ಫಲಕಗಳನ್ನು ಮಾಡುವುದೂ ಬದಲಿಸುವುದೂ ಅಗ್ಗ. ಆದರೆ ಮುಖಗಳು ಕೂಡುವೆಡೆ ಚೂಪು ಅಂಚು ಬಂದೇ ಬರುತ್ತದೆ. ಅದನ್ನು ತಾಳಲು ಇಂಗಾಲದ ಎಳೆ ಸೇರಿಸಿದ ಸೆರಾಮಿಕ್ ಬೇಕಾಯಿತು.

ತಾಳುತ್ತದೆಯೇ? ಗಾಳಿ ಸುರಂಗದಲ್ಲಿ ನಿಜವಾದ ವೇಗ, ತಾಪ, ಅವಧಿ ಮೂರನ್ನೂ ಒಟ್ಟಿಗೆ ತರುವುದು ಕಷ್ಟ. ಹಾರಿಸಿಯೇ ನೋಡಬೇಕಾಯಿತು. 2005ರ ಅಕ್ಟೋಬರ್ 27ರಂದು ನಾರ್ವೆಯ ಆಂಡೊಯಾದಿಂದ 'ಷೆಫೆಕ್ಸ್-1' ಮೇಲೇರಿತು. ಸುಮಾರು 211 ಕಿಲೋಮೀಟರ್ ಎತ್ತರದಿಂದ ಇಳಿಯುವಾಗ ಪ್ರಯೋಗಕ್ಕೆ ಸಿಕ್ಕಿದ್ದು 45 ಸೆಕೆಂಡುಗಳಷ್ಟೇ. ವಾಹನ ಸಮುದ್ರದ ಪಾಲಾಯಿತು. ಅಳತೆಗಳು ಮಾತ್ರ ರೇಡಿಯೋ ಮೂಲಕ ಮೊದಲೇ ನೆಲ ಮುಟ್ಟಿದ್ದವು.

2012ರ ಜೂನ್ 22ರಂದು ಅಲ್ಲಿಂದಲೇ 'ಷೆಫೆಕ್ಸ್-2' ಹಾರಿತು. ಎತ್ತರ ಸುಮಾರು 180 ಕಿಲೋಮೀಟರ್, ವೇಗ ಗಂಟೆಗೆ ಸುಮಾರು 11,000 ಕಿಲೋಮೀಟರ್. ದಿಕ್ಕು ತಿದ್ದಲು ಪುಟ್ಟ ರೆಕ್ಕೆಗಳಿದ್ದವು. ಒಂದು ಫಲಕದ ಸೂಕ್ಷ್ಮ ರಂಧ್ರಗಳಿಂದ ನೈಟ್ರೋಜನ್ ಹೊಮ್ಮಿಸಿ ಅದನ್ನು ತಂಪಾಗಿಡುವ ಪ್ರಯೋಗವೂ ನಡೆಯಿತು. 2,500 ಡಿಗ್ರಿ ಸೆಲ್ಸಿಯಸ್ ಮೀರಿದ ಬೇಗೆಯ ನಡುವೆ 300ಕ್ಕೂ ಹೆಚ್ಚು ಸಂವೇದಕಗಳು ಅಳತೆ ಮಾಡಿದವು. ಹವಾಮಾನ ಕೆಟ್ಟು, ಈ ವಾಹನವನ್ನೂ ಸಮುದ್ರದಿಂದ ಎತ್ತಿ ತರಲಾಗಲಿಲ್ಲ. ಆದರೂ ಮಾಹಿತಿ ಕೈಸೇರಿತ್ತು.

ಹಾಗಾದರೆ ಅಲೆನ್ ಹೇಳಿದ್ದು ಸುಳ್ಳಾಯಿತೇ? ಇಲ್ಲ. ಚೂಪು ತುದಿ ಹೆಚ್ಚು ಕಾಯುತ್ತದೆಂಬುದು ಇಂದಿಗೂ ನಿಜ. ಬದಲಾದದ್ದು ಗಾಳಿಯ ನಿಯಮವಲ್ಲ, ನಾವು ಮಾಡಬಲ್ಲ ವಸ್ತು. ಆದ್ದರಿಂದ ಬಾಣದಂಥ ವಾಹನವನ್ನು ಧಾರಾಳವಾಗಿ ಬರೆಯಿರಿ. ಜೊತೆಗೆ ಅದರ ತುದಿಯನ್ನು ಯಾವುದರಿಂದ ಮಾಡಿದ್ದೀರಿ ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ.