ಆಳಾಗಿ ಹುಟ್ಟಿದ ‘ನಾನು’

ವಿಯೆಟ್ನಾಮಿನವರ ‘ತೊಯ್’ ಎಂದರೆ ನಾನು. ಬರ್ಮೀಯರ ‘ಚುನ್‌ದೊ’ ಎಂದರೂ ನಾನು. ಎರಡರ ಬೇರನ್ನೂ ಕೆದಕಿದರೆ ಸಿಗುವುದು ಒಂದೇ ಅರ್ಥ: ಆಳು. ‘ತೊಯ್’ ಮೊದಲು ದೊರೆಯ ಅಡಿಯಾಳು. ಇಂದಿಗೂ ‘ವುವಾ ತೊಯ್’ ಎಂದರೆ ಅರಸ ಮತ್ತು ಅವನ ಆಳು. ‘ಚುನ್’ ಎಂದರೆ ಜೀತದಾಳು. ಅದರ ಬೆನ್ನಿಗಂಟಿದ ‘ದೊ’ ಅರಸುಗೌರವದ ಪ್ರತ್ಯಯ. ಕೂಡಿಸಿ ಓದಿದರೆ ಅರಸರ ಆಳು. ಹೆಂಗಸರು ‘ಚಮ’ ಎನ್ನುತ್ತಾರೆ, ಅಂದರೆ ಆಳುಹೆಣ್ಣು.

ಇವೇನೂ ಒಡಹುಟ್ಟಿದ ಭಾಷೆಗಳಲ್ಲ. ವಿಯೆಟ್ನಾಮಿ ಭಾಷೆ ಆಸ್ಟ್ರೋಏಷ್ಯಾಟಿಕ್ ಕುಟುಂಬದ್ದು; ಕಾಂಬೋಡಿಯಾದ ಖ್ಮೇರ್, ನಮ್ಮ ಮೇಘಾಲಯದ ಖಾಸಿ, ಇನ್ನೂ ದೂರದಲ್ಲಿ ಸಂತಾಲಿ ಅದರ ನೆಂಟರು. ಬರ್ಮೀ ಭಾಷೆ ಟಿಬೆಟನ್ನಿನ, ಮಣಿಪುರಿಯ ಬಳಗದ್ದು. ಬರ್ಮೀ ವಾಕ್ಯ ನಮ್ಮ ವಾಕ್ಯದ ಹಾಗೆಯೇ ಕ್ರಿಯಾಪದದಲ್ಲಿ ಮುಗಿಯುತ್ತದೆ, ನಾಮಪದದ ಹಿಂದೆ ಪ್ರತ್ಯಯಗಳು ಸಾಲುಗಟ್ಟುತ್ತವೆ. ವಿಯೆಟ್ನಾಮಿಯಲ್ಲಿ ಕ್ರಿಯಾಪದ ನಡುವೆ ನಿಲ್ಲುತ್ತದೆ, ಪ್ರತ್ಯಯಗಳೆಂಬುದೇ ಇಲ್ಲ. ಬರ್ಮೀ ಪಾಳಿಯಿಂದ ಸಾಲ ತಂದಿತು, ವಿಯೆಟ್ನಾಮಿ ಚೀನೀ ಭಾಷೆಯಿಂದ. ಒಂದರ ದುಂಡು ಅಕ್ಷರಗಳು ದಕ್ಷಿಣ ಭಾರತದ ಲಿಪಿಗಳ ವಂಶದವು. ಇನ್ನೊಂದು ಪಾದ್ರಿಗಳು ರೂಪಿಸಿಕೊಟ್ಟ ರೋಮನ್ ಲಿಪಿಯಲ್ಲಿ ಬರೆಯಿಸಿಕೊಳ್ಳುತ್ತದೆ. ಹೀಗಿದ್ದೂ ತನ್ನನ್ನು ಹೆಸರಿಸಿಕೊಳ್ಳುವಾಗ ಎರಡೂ ಒಂದೇ ಹಾದಿ ಹಿಡಿದವು. ತಗ್ಗಿ ನಡೆಯುವುದೇ ಮರ್ಯಾದೆ ಎಂದು ನಂಬಿದ ಅರಮನೆಗಳು ಎರಡೂ ಕಡೆ ಇದ್ದವು.

ಬರ್ಮೀಯರಿಗೆ ‘ಙಾ’ ಎಂಬ ಹಳೆಯ, ಹಗುರವಾದ ‘ನಾನು’ ಇದೆ. ಅದೀಗ ಗೆಳೆಯರ ನಡುವೆ, ಕಿರಿಯರೆದುರು ಮಾತ್ರ. ಹೊರಗಿನವರ ಮುಂದೆ ಆಡಿದರೆ ಒರಟಾಗುತ್ತದೆ.

‘ಚುನ್’ ಎಂಬುದು ಬರೀ ವಿನಯದ ಮಾತಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಬರ್ಮಾದ ಪಗಾನಿನಲ್ಲಿರುವ ಮ್ಯಾಝೇದಿ ಶಾಸನ ಸುಮಾರು ಕ್ರಿ.ಶ. 1113ರದು. ಪ್ಯೂ, ಮೋನ್, ಪಾಳಿ, ಬರ್ಮೀ ಎಂಬ ನಾಲ್ಕು ಭಾಷೆಗಳಲ್ಲಿ ಒಂದೇ ಸಂಗತಿಯನ್ನು ಕೊರೆದ ಕಲ್ಲು ಅದು. ಪ್ಯೂ ಲಿಪಿಯನ್ನು ವಿದ್ವಾಂಸರು ಬಿಡಿಸಿದ್ದೂ ಅದರ ನೆರವಿನಿಂದಲೇ. ಸಾವಿನ ಹಾಸಿಗೆಯಲ್ಲಿದ್ದ ತಂದೆ ಚಾನ್ಸಿತ್ತಾ ದೊರೆಗಾಗಿ ‘ರಾಜಕುಮಾರ’ ಎಂಬ ಹೆಸರಿನ ಮಗ ಚಿನ್ನದ ಬುದ್ಧಪ್ರತಿಮೆ ಮಾಡಿಸಿ, ಗುಡಿಗೆ ದತ್ತಿ ಬಿಟ್ಟ ಕತೆ ಅದರಲ್ಲಿದೆ. ದತ್ತಿ ಏನು? ಮೂರು ಊರಿನ ಆಳುಗಳು. ಬರ್ಮೀ ಬರವಣಿಗೆಯ ತೀರ ಹಳೆಯ ಕುರುಹುಗಳಲ್ಲೊಂದಾದ ಈ ಕಲ್ಲಿನಲ್ಲಿ ‘ಚುನ್’ ಎಂದರೆ ನಿಜವಾದ ಮನುಷ್ಯರು, ಭೂಮಿಯ ಜೊತೆ ಎಣಿಸಿ ಕೊಡಬಹುದಾದವರು. ಇಂದು ಯಾಂಗೂನಿನ ಹುಡುಗ ಚಹಾ ಅಂಗಡಿಯಲ್ಲಿ ‘ನಾನು’ ಎನ್ನುವಾಗ ಅವನ ನಾಲಗೆಯ ಮೇಲೆ ಹಾದುಹೋಗುವುದು ಅವರದೇ ಹೆಸರು. ಅವನಿಗೆ ಅದು ಹೊಳೆಯುವುದಿಲ್ಲ, ಹೊಳೆಯಬೇಕಾಗಿಯೂ ಇಲ್ಲ. ಮಾತಿನಲ್ಲಿ ಆ ಪದ ಸವೆದು ‘ಚನೊ’ ಆಗಿದೆ. ಕೆಲವು ಲೇಖಕರು ಉಚ್ಚಾರಕ್ಕೆ ತಕ್ಕಂತೆಯೇ ಬರೆಯುತ್ತಾರೆ. ಆಗ ಜೀತದ ಅಕ್ಷರ ಕಣ್ಣಿಗೂ ಬೀಳುವುದಿಲ್ಲ. ನನಗೆ ಈ ಬರಹವೇ ಸರಿ ಎನಿಸುತ್ತದೆ.

ಬರ್ಮೀ, ವಿಯೆಟ್ನಾಮಿ ಎರಡೂ ಸ್ವರಭಾಷೆಗಳು. ದನಿ ಏರಿದರೆ, ಇಳಿದರೆ ಅರ್ಥವೇ ಬೇರೆ. ‘ಚುನ್’ ತಗ್ಗಿದ ದನಿಯಲ್ಲಿ ಆಳು. ದನಿ ಎತ್ತಿ ಎಳೆದರೆ ದ್ವೀಪ, ಇಲ್ಲವೇ ತೇಗದ ಮರ. ನಮ್ಮ ಹಳೆಯ ಮನೆಗಳ ಬಾಗಿಲಿಗೆ ಬಂದ ಬರ್ಮಾ ತೇಗಕ್ಕೆ ಅದರ ತವರಿನಲ್ಲಿ ಇದೇ ಹೆಸರು. ‘ತೊಯ್’ ಸಮದನಿಯಲ್ಲಿ ನಾನು, ಏರಿದರೆ ಕತ್ತಲು, ಇಳಿದರೆ ಕಳಪೆ, ಒತ್ತಿ ಕಡಿದರೆ ಪಾಪ.

ಆಳಿಗೆ ಎದುರಾಗಿ ಒಡೆಯ ಬೇಕಲ್ಲ. ಬರ್ಮೀ ಗಂಡಸು ಎದುರಿನವರನ್ನು ‘ಖಮ್ಯಾ’ ಎನ್ನುತ್ತಾನೆ. ‘ಥಖಿನ್ ಫಯಾ’, ಅಂದರೆ ಒಡೆಯಾ, ಪ್ರಭೂ ಎಂಬುದು ಸವೆದು ಹಾಗಾಗಿದೆ. ಹೆಂಗಸು ‘ಶಿನ್’ ಎನ್ನುತ್ತಾಳೆ, ಅದೂ ಒಡೆಯನೇ. ಬಸ್ಸಿನಲ್ಲಿ ಪಕ್ಕದವರಿಗೆ ‘ಸ್ವಲ್ಪ ಸರೀರಿ ಸ್ವಾಮಿ’ ಎನ್ನುವ ನಮಗೆ ಇದು ಹೊಸದೇನಲ್ಲ. ಶ್ರೀವೈಷ್ಣವ ಹಿರಿಯರು ‘ನಾನು’ ಎನ್ನದೆ ‘ಅಡಿಯೇನ್’ ಎನ್ನುವುದನ್ನು ಮೇಲುಕೋಟೆಯ ಕಡೆಯವರು ಕೇಳಿರುತ್ತಾರೆ. ಆದರೆ ಅದು ದೇವರ, ಗುರುಹಿರಿಯರ ಮುಂದಿನ ಮಾತು, ಸಂತೆಗೆ ಇಳಿಯಲಿಲ್ಲ. ಬರ್ಮಾದಲ್ಲಿ ಇಳಿಯಿತು.

‘ಥಖಿನ್’ ಪದದ ಮುಂದಿನ ಬಾಳು ದೊಡ್ಡದು. ಬ್ರಿಟಿಷರ ಕಾಲದಲ್ಲಿ, ಇಲ್ಲಿ ‘ಸಾಹೇಬ’ ಎಂದ ಹಾಗೆ, ಅಲ್ಲಿ ಬಿಳಿಯರನ್ನು ‘ಥಖಿನ್’ ಎಂದು ಕರೆಯಬೇಕಿತ್ತು. 1930ರಲ್ಲಿ ರಂಗೂನಿನಲ್ಲಿ, ಅಂದರೆ ಇಂದಿನ ಯಾಂಗೂನಿನಲ್ಲಿ, ಹುಟ್ಟಿದ ‘ದೊಬಮಾ’ ಸಂಘದ ತರುಣರು ಆ ಪದವನ್ನು ಕಸಿದು ತಮ್ಮ ಹೆಸರಿನ ಮೊದಲಿಗೆ ಇಟ್ಟುಕೊಂಡರು. ಥಖಿನ್ ಆಂಗ್ ಸಾನ್, ಥಖಿನ್ ನು. ಈ ನೆಲದ ಒಡೆಯರು ನಾವು ಎಂಬುದು ಅದರ ತಾತ್ಪರ್ಯ. ಸಂಘದ ಹೆಸರಿನ ಮೊದಲಕ್ಷರ ‘ದೊ’ (‘ಚುನ್‌ದೊ’ದಲ್ಲಿ ಕಂಡ ‘ದೊ’ ಅಲ್ಲ) ಕೂಡ ಸರ್ವನಾಮವೇ: ನಾವು. ಸ್ವಾತಂತ್ರ್ಯ ಹೋರಾಟವೊಂದು ಸರ್ವನಾಮವನ್ನು, ಸಂಬೋಧನೆಯನ್ನು ಹೀಗೆ ಕೈಗೆತ್ತಿಕೊಂಡದ್ದು ನನ್ನ ಮಟ್ಟಿಗೆ ಭಾಷಾಚರಿತ್ರೆಯ ಬಲು ಧೈರ್ಯದ ಗಳಿಗೆಗಳಲ್ಲೊಂದು.

ವಿಯೆಟ್ನಾಮಿನ ‘ತೊಯ್’ ಬೇರೆ ದಾರಿ ಹಿಡಿಯಿತು. ಅಲ್ಲಿ ದಿನನಿತ್ಯದ ‘ನಾನು’, ‘ನೀನು’ಗಳನ್ನು ಹೆಚ್ಚಾಗಿ ನಂಟಿನ ಪದಗಳೇ ಹೊತ್ತಿವೆ. ಅಜ್ಜಿ ಮೊಮ್ಮಗುವಿನ ಎದುರು ತನ್ನನ್ನು ‘ಅಜ್ಜಿ’ ಎಂದೇ ಹೇಳಿಕೊಳ್ಳುತ್ತಾಳೆ, ಮಗು ತನ್ನನ್ನು ‘ಮೊಮ್ಮಗು’ ಎನ್ನುತ್ತದೆ. ಗಂಡ ‘ಅಣ್ಣ’, ಹೆಂಡತಿ ‘ತಂಗಿ’. ನಮ್ಮ ಕಿವಿಗೆ ಇರುಸುಮುರುಸು, ಅವರಿಗೆ ಅದೇ ಒಲವಿನ ಮಾತು. ಹೊಸಬರು ಎದುರಾದರೆ ಮೊದಲು ವಯಸ್ಸು ಕೇಳುವುದು ಅದಕ್ಕೇ, ತಾನು ಯಾರೆಂದು ತಿಳಿಯದೆ ವಾಕ್ಯ ಶುರುವಾಗುವುದಿಲ್ಲ. ಬರ್ಮೀಯರು ಸರ್ವನಾಮ ನುಂಗಿ ಮಾತಾಡಿದರೆ ಯಾರೂ ಬೇಸರಿಸರು. ವಿಯೆಟ್ನಾಮಿನಲ್ಲಿ ಹಿರಿಯರೆದುರು ಹಾಗೆ ಮಾಡಿದರೆ ಒರಟುತನ. ಈ ನೆಂಟರ ಗದ್ದಲದಲ್ಲಿ ಯಾರ ನಂಟೂ ಇಲ್ಲದ ಪದಗಳಲ್ಲಿ ‘ತೊಯ್’ ಒಂದು. ಹಾಗಾಗಿ ಸಭೆಗೆ, ಕಚೇರಿಗೆ, ಅಪರಿಚಿತರಿಗೆ ಅದು ಒಗ್ಗಿತು. ಗಂಡಹೆಂಡಿರು ಜಗಳವಾಡುತ್ತ ‘ತೊಯ್’ ಎಂದರೆ ನಂಟು ಮುರಿದ ಹಾಗೆ. ದಾಸ್ಯದ ಪದ ಹೀಗೆ ಯಾರಿಗೂ ಕಟ್ಟುಬೀಳದ ಪದವಾಯಿತು.

ಅಲ್ಲಿ ಚಕ್ರವರ್ತಿಗೆಂದೇ ಒಂದು ‘ನಾನು’ ಇತ್ತು, ‘ತ್ರಮ್’. ಬೇರೆ ಯಾರೂ ಆಡುವಂತಿರಲಿಲ್ಲ. 1945ರ ಆಗಸ್ಟ್‌ನಲ್ಲಿ ಬಾವ್ ದಾಯ್ ಚಕ್ರವರ್ತಿ ಹ್ವೇ ನಗರದಲ್ಲಿ ಪಟ್ಟ ಬಿಟ್ಟುಕೊಟ್ಟಾಗ ಅದೂ ಬಳಕೆ ತಪ್ಪಿತು. ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 2ರಂದು, ಹನೋಯ್‌ನ ಬಾ ದಿನ್ ಮೈದಾನದಲ್ಲಿ ಸ್ವಾತಂತ್ರ್ಯದ ಘೋಷಣೆ ಓದುತ್ತಿದ್ದ ಹೋ ಚಿ ಮಿನ್ ನಡುವೆ ನಿಲ್ಲಿಸಿ, ನಾನು ಹೇಳುವುದು ಕೇಳಿಸುತ್ತಿದೆಯೇ ಎಂದು ಜನರನ್ನು ಕೇಳಿದರು. ತಮ್ಮನ್ನು ಹೇಳಿಕೊಂಡದ್ದು ‘ತೊಯ್’ ಎಂದು. ಜನರನ್ನು ಕರೆದದ್ದು ‘ದೊಂಗ್ ಬಾವ್’, ಒಂದೇ ಬಸಿರಿನವರು ಎಂದು. ಅದಕ್ಕೂ ಮುಂಚೆಯೇ ಹೊಸ ಕವಿಗಳು ಆ ಪದವನ್ನು ಕಾವ್ಯಕ್ಕೆ ತಂದಿದ್ದರು. ಹಳೆಯ ಕಾವ್ಯದ ‘ತಾ’, ಅಂದರೆ ನಾವು, ಹೋಗಿ ‘ತೊಯ್’ ಬಂದಿತೆಂದು ವಿಮರ್ಶಕ ಹ್ವಾಯ್ ಥಾನ್ 1942ರಲ್ಲಿ ಪ್ರಕಟವಾದ ಸಂಕಲನದಲ್ಲಿ ಬರೆದರು. ಇಂದು ‘ಕಾಯ್ ತೊಯ್’ ಎಂದರೆ ಅಹಂ.

ಒಂದು ಕೋರಿಕೆಯಿದೆ, ಅನುವಾದಕರಿಗೆ. ಈ ದೇಶಗಳ ಕತೆಗಳು ನಮಗೆ ಹೆಚ್ಚಾಗಿ ಇಂಗ್ಲಿಷಿನ ಮೂಲಕ ಬರುತ್ತವೆ. ಅಷ್ಟರಲ್ಲಿ ಅಣ್ಣ, ತಂಗಿ, ಅಜ್ಜಿ, ಒಡೆಯ, ಆಳು ಎಲ್ಲರೂ ಬರೀ ನಾನು, ನೀನು ಆಗಿರುತ್ತಾರೆ. ಜಗತ್ತು ಹೋ ಚಿ ಮಿನ್ನರನ್ನು ‘ಅಂಕಲ್’ ಎಂದಿತು. ಅವರ ಜನ ಕರೆದದ್ದು ‘ಬಾಕ್ ಹೋ’ ಎಂದು. ಬಾಕ್ ಎಂದರೆ ತಂದೆಯ ಅಣ್ಣ. ತಂದೆಯ ತಮ್ಮ ‘ಚೂ’. ಇಂಗ್ಲಿಷಿನಲ್ಲಿಲ್ಲದ ಈ ಭೇದ ಕನ್ನಡದಲ್ಲಿ ಹಾಗೇ ಇದೆ: ದೊಡ್ಡಪ್ಪ, ಚಿಕ್ಕಪ್ಪ. ಆ ಕತೆಗಳನ್ನು ತರುವಾಗ, ಮೂಲದಲ್ಲಿ ಯಾರು ಯಾರನ್ನು ಏನೆಂದು ಕರೆದರು ಎಂಬುದನ್ನು ಬಲ್ಲವರನ್ನು ಕೇಳಿ ತಿಳಿದು ಬರೆಯಿರಿ.