ವಕೀಲರ ವೃತ್ತಿ ಹೊಣೆಗಾರಿಕೆ ವಿಮೆ: ಪಾಲಿಸಿ ತಲುಪದ ಎಡೆಗಳು

ವಕೀಲರ ಅಜಾಗರೂಕತೆಯಿಂದ ಕಕ್ಷಿದಾರನಿಗೆ ಉಂಟಾದ ನಷ್ಟವನ್ನು ಅವರ ಪರವಾಗಿ ವಿಮಾ ಕಂಪನಿಯು ತುಂಬಿಕೊಡುವ ವ್ಯವಸ್ಥೆಗೆ ವೃತ್ತಿ ಹೊಣೆಗಾರಿಕೆ ವಿಮೆ ಎಂದು ಹೆಸರು. ವ್ಯವಹಾರದಲ್ಲಿ ಇದು ‘ಪ್ರೊಫೆಷನಲ್ ಇಂಡೆಮ್ನಿಟಿ’ ಪಾಲಿಸಿ ಎಂದೇ ಪರಿಚಿತ. ಇಂಗ್ಲೆಂಡಿನ ಸಾಲಿಸಿಟರ್ ಸಂಸ್ಥೆಗಳಿಗೆ ಇದು ಕಡ್ಡಾಯ, ಭಾರತದಲ್ಲಿ ಹಾಗಿಲ್ಲ. ಸ್ಕೂಟರನ್ನು ವಿಮೆಯಿಲ್ಲದೆ ರಸ್ತೆಗಿಳಿಸುವಂತಿಲ್ಲ. ಕೋಟಿ ರೂಪಾಯಿಯ ನಿವೇಶನದ ಹಕ್ಕುಪತ್ರ ಸರಿಯಿದೆಯೆಂದು ಬರೆದುಕೊಡಲು ಮಾತ್ರ ಯಾವ ವಿಮೆಯೂ ಬೇಕಿಲ್ಲ!

2024ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ತೀರ್ಪಿತ್ತು, ರಾಷ್ಟ್ರೀಯ ಗ್ರಾಹಕ ಆಯೋಗದ 2007ರ ಆದೇಶವನ್ನು ತಳ್ಳಿಹಾಕಿತು. ಇನ್ನು ವಿಮೆಯ ಅಗತ್ಯವೇ ಇಲ್ಲವೆಂದು ಇದರಿಂದ ಭಾವಿಸುವುದು ಸರಿಯಲ್ಲ. ಮುಚ್ಚಿರುವುದು ಗ್ರಾಹಕ ವೇದಿಕೆಯ ಬಾಗಿಲು ಮಾತ್ರ. ಸಿವಿಲ್ ನ್ಯಾಯಾಲಯದ ಬಾಗಿಲು ತೆರೆದೇ ಇದೆ. ವಕೀಲನೆಂಬ ಒಂದೇ ಕಾರಣದಿಂದ ಅಜಾಗರೂಕತೆಯ ದಾವೆಯಿಂದ ವಿನಾಯಿತಿ ಸಿಗದೆಂದು 1926ರ ವಕೀಲರ ಶುಲ್ಕ ಕಾಯ್ದೆಯೇ ಹೇಳಿತ್ತು. ಕರ್ನಾಟಕದಿಂದ ಹೋದ ಎಂ. ವೀರಪ್ಪ ಪ್ರಕರಣದಲ್ಲಿ, ವಕೀಲರ ಮೇಲೆ ದಾವೆ ಹೂಡಿದ್ದ ಕಕ್ಷಿದಾರ ತೀರಿಕೊಂಡ ಮೇಲೆ ಅವರ ವಾರಸುದಾರರು ಅದನ್ನು ಮುಂದುವರಿಸಬಹುದೇ ಎಂಬ ಪ್ರಶ್ನೆ ಎದ್ದಿತು. ದಾವೆಯು ಒಪ್ಪಂದದ ಉಲ್ಲಂಘನೆಯನ್ನು ಆಧರಿಸಿದ್ದರೆ ಅದು ಕಕ್ಷಿದಾರನೊಂದಿಗೆ ಸಾಯುವುದಿಲ್ಲವೆಂಬುದು 1988ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ಉತ್ತರ.

ನಮ್ಮ ಹೈದರಾಬಾದಿಗೆ ಸಂಬಂಧಿಸಿದ ಪ್ರಕರಣ ಇನ್ನೂ ಬೋಧಪ್ರದವಾದುದು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ವಿಜಯಾ ಬ್ಯಾಂಕಿನ ನಾರಾಯಣಗುಡಾ ಶಾಖೆಯಲ್ಲಿ ಗೃಹಸಾಲಗಳ ವಂಚನೆ ನಡೆದಿದೆಯೆಂದು ಸಿಬಿಐ 2005ರಲ್ಲಿ ಮೊಕದ್ದಮೆ ದಾಖಲಿಸಿತು. ಬ್ಯಾಂಕಿನ ಪರವಾಗಿ ಆಸ್ತಿಪತ್ರಗಳನ್ನು ಪರಿಶೀಲಿಸಿ ಅಭಿಪ್ರಾಯ ಕೊಟ್ಟಿದ್ದ ವಕೀಲರನ್ನೂ ಆರೋಪಿಗಳ ಸಾಲಿಗೆ ಸೇರಿಸಲಾಯಿತು. ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯ ಅವರ ಮೇಲಿನ ಮೊಕದ್ದಮೆಯನ್ನು ರದ್ದುಗೊಳಿಸಿತು. 2012ರ ಸೆಪ್ಟೆಂಬರ್ 21ರಂದು ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಒಳಸಂಚಿನಲ್ಲಿ ಭಾಗಿಯಾದುದಕ್ಕೆ ಪುರಾವೆಯಿಲ್ಲದೆ, ಕೇವಲ ಅಭಿಪ್ರಾಯ ತಪ್ಪಾಯಿತೆಂದು ವಕೀಲನನ್ನು ಕ್ರಿಮಿನಲ್ ಅಪರಾಧಿಯನ್ನಾಗಿಸಲಾಗದು. ಘೋರ ಅಜಾಗರೂಕತೆಯಿದ್ದರೆ ಅದರ ಹೊಣೆ ಬೇರೆಯೇ ಎಂಬುದು ತೀರ್ಪಿನ ಸಾರ.

ಮೊಕದ್ದಮೆ ಹೂಡಿದ ದಿನದಿಂದ ಕೊನೆಯ ತೀರ್ಪಿನವರೆಗೆ ಸುಮಾರು ಏಳು ವರ್ಷ. ಇಂಥ ಸಂದರ್ಭದಲ್ಲಿ ಸಾಮಾನ್ಯ ಪಾಲಿಸಿ ಎಷ್ಟು ನೆರವಾದೀತು? ಬಹುಮಟ್ಟಿಗೆ ಏನೂ ಇಲ್ಲ. ಅದು ತುಂಬಿಕೊಡುವುದು ಸಿವಿಲ್ ಪರಿಹಾರವನ್ನು ಮತ್ತು ಅಂಥ ದಾವೆಯನ್ನು ಎದುರಿಸುವ ವೆಚ್ಚವನ್ನು. ವಂಚನೆ, ಅಪ್ರಾಮಾಣಿಕತೆ, ಅಪರಾಧ ಕೃತ್ಯ, ದಂಡ ಇವೆಲ್ಲ ಹೊರಗಿಟ್ಟ ವಿಷಯಗಳು. ವಕೀಲರ ಪರಿಷತ್ತಿನ ಶಿಸ್ತು ವಿಚಾರಣೆಗೂ, ಬ್ಯಾಂಕುಗಳ ಎಚ್ಚರಿಕೆ ಪಟ್ಟಿಯಲ್ಲಿ ಹೆಸರು ಸೇರಿ ಕೆಲಸ ಕೈತಪ್ಪಿದುದಕ್ಕೂ ವಿಶೇಷ ಷರತ್ತಿಲ್ಲದೆ ಪರಿಹಾರ ದೊರೆಯದು. ನಿರಪರಾಧಿಯಾದ ವಕೀಲನಿಗೆ ಅತಿ ಭಾರವಾಗುವ ಖರ್ಚೇ ವಿಮೆಯ ಹೊರಗುಳಿಯುತ್ತದೆ.

ಕಾಲದ ಅಂತರವು ಅದಕ್ಕಿಂತ ಸೂಕ್ಷ್ಮವಾದ ತೊಡಕು. ಈ ಪಾಲಿಸಿಗಳು ಸಾಮಾನ್ಯವಾಗಿ ‘ಕ್ಲೇಮ್ಸ್ ಮೇಡ್’ ಬಗೆಯವು. ತಪ್ಪು ನಡೆದ ದಿನ ಪಾಲಿಸಿ ಇದ್ದರೆ ಸಾಲದು. ಕಕ್ಷಿದಾರನ ಬೇಡಿಕೆ ಬಂದ ದಿನವೂ ಅದು ಜಾರಿಯಲ್ಲಿರಬೇಕು. ಜೊತೆಗೆ, ತಪ್ಪು ಪಾಲಿಸಿಯಲ್ಲಿ ನಮೂದಿಸಿದ ಪೂರ್ವಾನ್ವಯ ದಿನಾಂಕದ ನಂತರ ನಡೆದಿರಬೇಕು. ಒಂದು ವರ್ಷ ನವೀಕರಣ ತಪ್ಪಿದರೆ ಆ ದಿನಾಂಕವೇ ಕಳೆದುಹೋಗಬಹುದು. ಹಿಂದಿನ ಕೆಲಸವೆಲ್ಲ ಅನಾಥವಾಗುತ್ತದೆ.

ಹೈದರಾಬಾದಿನ ಭೂದಾಖಲೆಗಳನ್ನು ಬಲ್ಲವರಿಗೆ ಇದರ ತೀವ್ರತೆ ತಿಳಿಯುತ್ತದೆ. ಇಲ್ಲಿ ಹಕ್ಕಿನ ಮೂಲವನ್ನು ಹುಡುಕುತ್ತ ನಿಜಾಮರ ಕಾಲದ ಉರ್ದು ಸೇತ್ವಾರಿಗೂ 1954–55ರ ಖಾಸ್ರಾ ಪಹಣಿಗೂ ಹೋಗಬೇಕು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ, ಗುಲಬರ್ಗಾ, ರಾಯಚೂರುಗಳ ಹಳೆಯ ಕಾಗದಪತ್ರಗಳ ಕಥೆಯೂ ಇದೇ. ಇಂಥ ಪತ್ರದಲ್ಲಿ ಕಣ್ತಪ್ಪಿಸಿದ ಒಬ್ಬ ಪಾಲುದಾರನ ಹೆಸರು ಆಸ್ತಿ ಮತ್ತೆ ಮಾರಾಟಕ್ಕೆ ಬಂದಾಗ, ಅಂದರೆ ಹತ್ತು ಹದಿನೈದು ವರ್ಷಗಳ ಮೇಲೆ, ಹೊರಬರುತ್ತದೆ. ಅಷ್ಟರಲ್ಲಿ ವಕೀಲರು ನಿವೃತ್ತರಾಗಿ ಪಾಲಿಸಿ ನಿಲ್ಲಿಸಿರುತ್ತಾರೆ, ಇಲ್ಲವೇ ತೀರಿಕೊಂಡಿರುತ್ತಾರೆ. ಕಾಲಮಿತಿಯ ಆಕ್ಷೇಪಣೆ ನಿಲ್ಲದಿದ್ದರೆ, ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ವಾರಸುದಾರರು ಉತ್ತರ ಕೊಡಬೇಕಾದೀತು. ಇಂಗ್ಲೆಂಡಿನಲ್ಲಿ ಸಂಸ್ಥೆ ಮುಚ್ಚಿದ ಮೇಲೂ ಆರು ವರ್ಷ ರಕ್ಷಣೆ ಮುಂದುವರಿಯಬೇಕೆಂಬ ನಿಯಮವಿರುವುದು ಇದಕ್ಕಾಗಿಯೇ. ನಮ್ಮಲ್ಲಿ ಅದನ್ನು ಕೇಳಿ, ಹಣ ತೆತ್ತು ಪಡೆಯಬೇಕು.

ಮಿಕ್ಕವನ್ನು ಸಂಕ್ಷೇಪವಾಗಿ ಹೇಳಬಹುದು. ವಿಮಾ ಮೊತ್ತಕ್ಕೆ ಒಂದು ಘಟನೆಯ ಮಿತಿ, ಇಡೀ ವರ್ಷದ ಮಿತಿ ಎಂದು ಎರಡು ಗೆರೆಗಳಿರುತ್ತವೆ. ದಾವೆಯ ಖರ್ಚೂ ಹೆಚ್ಚಾಗಿ ಅದರೊಳಗೇ ಕಳೆಯುತ್ತದೆ. ಕಿರಿಯ ವಕೀಲರನ್ನೂ ಗುಮಾಸ್ತರನ್ನೂ ಪ್ರಸ್ತಾವನಾ ಪತ್ರದಲ್ಲಿ ಸೇರಿಸದಿದ್ದರೆ, ವಾಯಿದೆ ಮರೆತ ಗುಮಾಸ್ತನ ತಪ್ಪಿಗೆ ರಕ್ಷಣೆ ಸಿಗದಿರಬಹುದು. ಅಮೆರಿಕದಲ್ಲಿರುವ ಕಕ್ಷಿದಾರನಿಗೆ ಅಭಿಪ್ರಾಯ ಬರೆದುಕೊಟ್ಟು ಅಲ್ಲಿಯ ನ್ಯಾಯಾಲಯದಲ್ಲಿ ದಾವೆಯಾದರೆ, ಭಾರತಕ್ಕೆ ಸೀಮಿತವಾದ ಪಾಲಿಸಿ ಅಲ್ಲಿಗೆ ಮುಟ್ಟದು. ಕಲ್ಯಾಣ ನಿಧಿಯ ಸದಸ್ಯತ್ವವನ್ನೇ ಈ ವಿಮೆಯೆಂದು ಎಣಿಸುವವರೂ ಉಂಟು. ಆ ನಿಧಿ ವಕೀಲರ ಕುಟುಂಬಕ್ಕೆ ಒದಗುವುದೇ ಹೊರತು ಕಕ್ಷಿದಾರನ ನಷ್ಟಕ್ಕಲ್ಲ.

ಕಕ್ಷಿದಾರನ ನೋಟಿಸು ಕೈಸೇರಿದೊಡನೆ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳುವುದು ಷರತ್ತಿಗೆ ವಿರುದ್ಧ. ಹಳೆಯ ಪರಿಚಯದ ಕಕ್ಷಿದಾರ ಎದುರಿಗೆ ಕುಳಿತಾಗ “ನಾನೇ ಸರಿಮಾಡಿಕೊಡುತ್ತೇನೆ, ಚಿಂತಿಸಬೇಡಿ” ಎಂದು ಸೌಜನ್ಯಕ್ಕೆ ಆಡಿದ ಮಾತನ್ನೂ ಕಂಪನಿ ಹೊಣೆಯ ಒಪ್ಪಿಗೆಯೆಂದು ಎತ್ತಿ ತೋರಿಸಬಹುದು.